ಕಾಶಮ್ಮತ್ತಿಯ ಎಣಿಕೆಯಲ್ಲಿ ಏಳು ಇರಲಿಲ್ಲ

ಆಗ ನನಗೆ ಹತ್ತೊಂಬತ್ತು ವರ್ಷ. ಈ ಮಾತಿಗೆ ಐವತ್ತೈದು ವರ್ಷ ಆಯಿತು. ಮದುವೆಯಾಗಿ ಬೀದರ ಕಡೆಯ ಹಳ್ಳಿಯಿಂದ ನಾಸಿಕಕ್ಕೆ ಬಂದ ದಿನ ಆ ಮನೆಯಲ್ಲಿ ನಾನು ಮೊದಲು ನೋಡಿದ್ದು ಕಾಶಮ್ಮತ್ತಿಯ ತುಟಿಗಳನ್ನು. ಪಂಚವಟಿಯ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲಿಗೆ ಎದುರಾಗಿ ಚಾಪೆಯ ಮೇಲೆ ಕುಳಿತು ಆಕೆ ಉಲ್ಲನ್ ಹೆಣೆಯುತ್ತಿದ್ದಳು. ನಾನು ಅಕ್ಕಿಯ ಸೇರು ಒದ್ದು ಒಳಗೆ ಬಂದರೂ ತಲೆ ಎತ್ತಲಿಲ್ಲ. ತುಟಿಗಳು ಮಾತ್ರ ಆಡುತ್ತಿದ್ದವು. ‘ಪಾಚ, ಸಹಾ’ ಅಂದಳು, ಮರಾಠಿಯ ಐದು, ಆರು. ಆಮೇಲೆ ಬಾಯನ್ನು ಗಟ್ಟಿಯಾಗಿ ಮುಚ್ಚಿದಳು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಮನೆಯೊಳಗೆ ಯಾವ ಸಪ್ಪಳವೂ ಇರಲಿಲ್ಲ. ಆಮೇಲೆ ‘ಆಠ’ ಅಂದಳು, ಎಂಟು.

ಕಾಶಮ್ಮತ್ತಿ ನಮ್ಮ ಮನೆಯವರ ಸೋದರತ್ತೆ. ತಾಯಿ ಇಲ್ಲದ ಅವರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವಳು ಆಕೆಯೇ. ಗಂಡ ತೀರಿ ಆಗಲೇ ಹನ್ನೊಂದು ವರ್ಷವಾಗಿತ್ತು. ಒಬ್ಬಳೇ ಮಗಳು, ನೀಲಾ. ಅವಳನ್ನು ಔರಂಗಾಬಾದಿಗೆ ಕೊಟ್ಟಿದ್ದರು. ಈಗ ಆ ಊರನ್ನು ಸಂಭಾಜಿನಗರ ಅನ್ನುತ್ತಾರೆ, ನನ್ನ ಬಾಯಿಗೆ ಹಳೆಯದೇ ಬರುತ್ತದೆ. ಕಾಶಮ್ಮತ್ತಿ ಎತ್ತರದ ಹೆಂಗಸು. ಹಣೆಯ ತುಂಬ ವಿಭೂತಿ, ಉದ್ದುದ್ದ ಬೆರಳು. ಬಲಗಣ್ಣಿಗೆ ಮೋತಿಬಿಂದು ಬಂದು ಹಾಲು ಬಿದ್ದಂತೆ ಬೆಳ್ಳಗಾಗಿತ್ತು. ಆ ಕಣ್ಣು ಕಾಣುವುದಿಲ್ಲ ಅನ್ನುತ್ತಿದ್ದಳು. ಆದರೆ ಹೆಣೆಯುವಾಗ ಅದನ್ನೇ ಕೈಗೆಲಸದ ಕಡೆಗೆ ತಿರುಗಿಸಿ, ಕಾಣುವ ಕಣ್ಣನ್ನು ಬಾಗಿಲ ಕಡೆಗೆ ಇಡುತ್ತಿದ್ದಳು.

ಯಾರಿಗೆ ಹೆಣೆಯಬೇಕೋ ಅವರನ್ನು ನಿಲ್ಲಿಸಿ ದಾರದಿಂದ ಅಳೆಯುತ್ತಿದ್ದಳು. ಕೂತವರನ್ನೂ ಎಬ್ಬಿಸುತ್ತಿದ್ದಳು. ಒಂದು ಸಲ ನಮ್ಮ ಮನೆಯವರು ಭಾನುವಾರ ಮಲಗಿದ್ದವರು ಅಲ್ಲಿಂದಲೇ, ‘ಹಿಂಗೇ ಅಳಕೋ ಅತ್ತಿ, ಏಳಲಾಕ ಬ್ಯಾಸರ’ ಅಂದರು. ಆಕೆ ದಾರವನ್ನು ಹಿಂದಕ್ಕೆ ಎಳೆದುಕೊಂಡಳು. ‘ಮಕ್ಕೊಂಡವರ ಅಳತಿ ಬ್ಯಾರೆಯವರು ತಗೋತಾರ’ ಅಂದಳು. ಅವರು ಎದ್ದು ನಿಂತರು.

ಇಷ್ಟೆಲ್ಲ ಮಾಡಿ ಹೆಣೆದದ್ದು ಯಾರಿಗೂ ಸರಿಹೋಗುತ್ತಿರಲಿಲ್ಲ. ಎಲ್ಲವೂ ಬಿಗಿ. ನಮ್ಮ ಮನೆಯವರ ಕಾಲುಚೀಲ ಬಿಚ್ಚಿದರೆ ಮೀನಖಂಡದ ಮೇಲೆ ಕೆಂಪು ಬಳೆ ಮೂಡಿರುತ್ತಿತ್ತು. ಮಫ್ಲರ್ ಅಂತ ಹೆಣೆದದ್ದು ಪಾಯಿಜಾಮದ ಲಾಡಿಯಾಗಿತ್ತು. ಟ್ರಂಕಿನ ಮೇಲೆ ಹೊದಿಸಲು ಕ್ರೋಶಾದಲ್ಲಿ ಹಾಕಿದ ರುಮಾಲು ಅರ್ಧ ಟ್ರಂಕಿಗೆ ಮುಗಿದುಹೋಯಿತು. ನೀಲಾಳ ಗಂಡ ವೈಜನಾಥ ದೀಪಾವಳಿಗೆ ಬಂದಾಗ ಹೊಸ ಸ್ವೆಟರನ್ನು ತಲೆಯಿಂದ ಇಳಿಸಿಕೊಂಡವರು ಅರ್ಧಕ್ಕೇ ಸಿಕ್ಕಿಹಾಕಿಕೊಂಡರು. ಎರಡೂ ಕೈ ಮೇಲೆ, ಮುಖ ಒಳಗೆ. ನಮ್ಮ ಮನೆಯವರು ಒಂದು ಕಡೆ, ಪಕ್ಕದ ಮನೆಯವನೊಬ್ಬ ಇನ್ನೊಂದು ಕಡೆ ಹಿಡಿದು ಎಳೆಯುತ್ತಿದ್ದರು.

‘ಅತ್ತೇರಿ, ಇದು ಯಾರದರಿ?’ ಅಂತ ಒಳಗಿನಿಂದ ದನಿ ಬಂತು.

‘ನಿಮ್ಮದೇ ಅದರಿ. ನೀವೇ ಭಾಳ ಉಂಡೀರಿ’ ಅಂದಳು ಕಾಶಮ್ಮತ್ತಿ, ಮುಂದಿನ ಸಾಲು ಹೆಣೆಯುತ್ತ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಕೆ ನಗಲಿಲ್ಲ.

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ತಡವರಿಸುತ್ತವೆ, ಎಣಿಕೆ ತಡವರಿಸುವುದಿಲ್ಲ. ಹದಿನೈದು ದಿನ ಆಕೆಯ ಎದುರು ಕೂತು ಕಾಳು ಆರಿಸುತ್ತ ಕೇಳಿಸಿಕೊಂಡೆ. ಆಕೆಗೆ ಹೆಣಿಗೆ ಕಲಿಸಿದವಳು ಪಕ್ಕದ ಮನೆಯ ಮರಾಠಿ ಮುದುಕಿ ಮಾಯಿ. ಹಾಗಾಗಿ ಎಣಿಕೆಯೂ ಮರಾಠಿಯಲ್ಲೇ. ಅವರಲ್ಲಿ ಏಳಕ್ಕೆ ಸಾತ ಅನ್ನುತ್ತಾರೆ. ಹದಿನೇಳಕ್ಕೆ ಸತರಾ, ಇಪ್ಪತ್ತೇಳಕ್ಕೆ ಸತ್ತಾವೀಸ, ನಲವತ್ತೇಳಕ್ಕೆ ಸತ್ತೇಚಾಳೀಸ, ಐವತ್ತೇಳಕ್ಕೆ ಸತ್ತಾವನ್ನ, ಅರವತ್ತೊಂಬತ್ತಕ್ಕೆ ಏಕೋಣಸತ್ತರ. ಎಪ್ಪತ್ತು ಅಂದರೆ ಸತ್ತರ. ಮುಂದೆ ಎಪ್ಪತ್ತೇಳು, ಎಂಬತ್ತೇಳು, ತೊಂಬತ್ತೇಳೂ ಹಾಗೇ. ಮರಾಠಿಯವರಿಗೆ ಅವು ಬರಿಯ ಅಂಕಿ. ನಮ್ಮ ಕಿವಿಗೆ ಸತ್ತ, ಸತ್ತ, ಸತ್ತರು ಅಂತ ಬೀಳುತ್ತವೆ. ಕಾಶಮ್ಮತ್ತಿ ಅವನ್ನೆಲ್ಲ ಬಿಟ್ಟು ದಾಟುತ್ತಿದ್ದಳು. ಮೂವತ್ತೇಳು ಅವರಲ್ಲಿ ಸದತೀಸ, ಅರವತ್ತೇಳು ಸದುಸಷ್ಟ. ಅವುಗಳಲ್ಲಿ ಆ ಸಪ್ಪಳ ಇಲ್ಲ, ಹಾಗಾಗಿ ಅವನ್ನು ಆರಾಮಾಗಿ ಅನ್ನುತ್ತಿದ್ದಳು. ಕಡ್ಡಿಯ ಮೇಲೆ ನೂರು ಕುಣಿಕೆ ಹಾಕುವಷ್ಟರಲ್ಲಿ ಹತ್ತು ಕಡಿಮೆ ಬೀಳುತ್ತಿದ್ದವು. ಆಕೆಯ ನೂರು ಅಂದರೆ ತೊಂಬತ್ತು. ಬಿಗಿಯಾಗದೆ ಇನ್ನೇನಾಗುತ್ತದೆ.

ನಾನು ಸುತ್ತಿ ಬಳಸಿ ಕೇಳುವವಳಲ್ಲ. ‘ಅತ್ತಿ, ಸಾತ ಎಲ್ಲಿ ಹೋಯ್ತರಿ?’ ಅಂತ ಕೇಳಿದೆ.

ಆಕೆ ಕಡ್ಡಿಗಳನ್ನು ತೊಡೆಯ ಮೇಲೆ ಇಟ್ಟಳು. ‘ಮನ್ಯಾಗ ಆ ಮಾತು ಆಡಬ್ಯಾಡ ಪೋರಿ’ ಅಂದಳು.

‘ಅದು ಅಂಕಿ ಅಲ್ಲೇನರಿ?’

‘ನನಗೂ ಅಂಕಿನೇ ಇತ್ತು. ಮೊದಲನೇ ಸ್ವೆಟರ್ ನಮ್ಮ ಮನಿಯವರಿಗಂತನೇ ಹಾಕಲಾಕತ್ತಿದ್ದೆ. ಮಾಯಿ ಹೊರಗ ಕುಂತಿದ್ದಳು, ಆಕಿಗಿ ಕೇಳಬೇಕಂತ ಜೋರಾಗಿ ಎಣಿಸಲಾಕತ್ತಿದ್ದೆ. ಅವರು ಉಂಡು ಎಲಿಅಡಿಕಿ ಹಾಕ್ಕೊಂಡು ಒಳಗ ಗ್ವಾಡಿಗಿ ಆತು ಕುಂತಿದ್ರು. ನಾ ಸತ್ತರ ಅಂದೆ. ಒಳಗಿಂದ ಅವರು, ಯಾರು ಸತ್ತರು, ಅಂತ ಕೇಳಿದ್ರು. ನಗಿ ಮಾಡ್ಲಾಕ.’

‘ನೀವೇನಂದ್ರಿ?’

‘ಎಣಿಕಿ ತಪ್ಪತದಂತ ಜವಾಬ ಕೊಡಲಿಲ್ಲ. ಏಕಾಹತ್ತರ ಅಂದೆ. ಮುಂದ ನಡದೆ. ನೂರು ಮುಗಿಸಿ ಒಳಗ ಹೋದ್ರ ಕುಂತಲ್ಲೇ ಹೋಗಿದ್ರು. ಬಾಯಾಗ ಎಲಿ ಹಂಗೇ ಇತ್ತು.’

‘ಎದಿ ನಿಂತಿರಬೇಕರಿ’ ಅಂದೆ.

‘ನಿಂತದ. ಯಾವ ಟಾಕಿಗಿ ನಿಂತದ ಅಂಬೋದು ನನಗ ಗೊತ್ತದ.’ ಟಾಕೆ ಅಂದರೆ ಕುಣಿಕೆ. ‘ಕೇಳಿದವರಿಗಿ ಜವಾಬ ಸಿಗಲಿಲ್ಲಂದ್ರ ತಾವೇ ಹುಡುಕ್ಕೊಂಡು ಹೋಗ್ತಾರ’ ಅಂದಳು.

ನನಗೆ ಒಂದು ಉಪಾಯ ಹೊಳೆಯಿತು. ‘ಹಂಗಾರ ಕನ್ನಡದಾಗ ಎಣಸ್ರಿ. ನಮ್ಮದ್ರಾಗ ಚಲೋ ಮಾತೇ ಅದ. ಏಳು. ಎದ್ದೇಳು ಅಂದಂಗ.’

ಕಾಶಮ್ಮತ್ತಿ ಬಿಳಿಗಣ್ಣನ್ನು ನನ್ನ ಕಡೆ ತಿರುಗಿಸಿದಳು. ‘ಯಾರ್ನ ಎಬ್ಬಸ್ತಿ?’ ಅಂದಳು.

ಅವತ್ತಿನಿಂದ ನಾನು ಒಳಕೋಣೆಯ ಆ ಗೋಡೆಗೆ ಒರಗಿ ಕೂರುವುದನ್ನು ಬಿಟ್ಟೆ. ಹೆದರಿಕೆಯಿಂದಲ್ಲ. ಅಲ್ಲಿ ಥಂಡಿ ಇತ್ತು.

ಆ ವರ್ಷ ಚಳಿ ಇನ್ನೂ ಶುರುವಾಗಿರಲಿಲ್ಲ, ನೀಲಾಳ ಕಾರ್ಡು ಬಂತು. ಅವಳಿಗೆ ಒಬ್ಬಳೇ ಮಗಳು, ಶೋಭಾ, ಆರು ವರ್ಷ. ಹುಟ್ಟಿದಾಗಿನಿಂದ ಎದೆ ಗೊರಗೊರ. ಚಳಿ ಬಂದರೆ ಹುಡುಗಿ ಉಳಿಯುವುದೇ ಒಂದು ಕೆಲಸ. ಅಜ್ಜಿಯ ಸ್ವೆಟರಿಲ್ಲದೆ ಅವಳ ಚಳಿಗಾಲ ಕಳೆಯುತ್ತಿರಲಿಲ್ಲ, ಅದನ್ನು ತೊಟ್ಟೂ ಕಳೆಯುತ್ತಿರಲಿಲ್ಲ. ನಮ್ಮ ಮನೆಯವರು ಕಾರ್ಡು ಓದಿ ಹೇಳಿದರು. ಹೋದ ವರ್ಷದ್ದು ಕುತ್ತಿಗೆಯಲ್ಲಿ ಸಿಕ್ಕಿಕೊಂಡು ಹುಡುಗಿಯ ಉಸಿರು ಕಟ್ಟಿತ್ತು, ಮುಖ ಕಪ್ಪಿಟ್ಟಿತ್ತು, ಕತ್ತರಿಯಿಂದ ಕೊಯ್ದು ತೆಗೆದೆವು. ಡಾಕ್ಟರರು ಎದೆ ಬೆಚ್ಚಗಿರಬೇಕು ಅನ್ನುತ್ತಾರೆ, ಬಿಗಿ ಇರಬಾರದು ಅನ್ನುತ್ತಾರೆ. ಅವ್ವಾ, ಸಡಿಲ ಹಾಕುವುದಾದರೆ ಹಾಕು, ಇಲ್ಲದಿದ್ದರೆ ಹಾಕಬೇಡ.

ಕಾಶಮ್ಮತ್ತಿ ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಆಕೆಗೆ ಓದಲು ಬರುತ್ತಿರಲಿಲ್ಲ. ಮರುದಿನ ಪೇಟೆಗೆ ಹೋಗಿ ನೀಲಿ ಉಲ್ಲನ್ ತಂದಳು.

‘ಎಷ್ಟು ಹಾಕೋಣರಿ?’

‘ಆರು ವರ್ಷಕ್ಕ ಪಂಚಾಹತ್ತರ.’ ಅಂದರೆ ಎಪ್ಪತ್ತೈದು.

‘ಹತ್ತು ಹೆಚ್ಚಿಗಿ ಹಾಕ್ರಿ. ಸಡಿಲ ಆಗ್ತದ.’

‘ಮುಂದ ಹೋದಂಗ ಅವೇ ಹೆಚ್ಚಾಗ್ತಾವ. ಪಂಚಾಹತ್ತರದ ಮುಂದ ಒಂದು ಅದ, ಅದರ ಮುಂದ ಮತ್ತೊಂದು ಅದ. ಹುಡುಗಿ ಹೆಸರ ಮ್ಯಾಲ ಅಲ್ಲೀತನ ಹೋಗೂದು ಬ್ಯಾಡ.’

ಅಷ್ಟರಲ್ಲಿ ಆಕೆಯ ಎಡಗಣ್ಣೂ ಮಬ್ಬಾಗಿತ್ತು. ಕಡ್ಡಿಯ ಮೇಲೆ ಮೊದಲ ಸಾಲಿನ ಕುಣಿಕೆ ಹಾಕಲು ನನಗೇ ಹೇಳಿದಳು. ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಕೂತೆವು. ಆಕೆ ಎಣಿಸುವುದು, ನಾನು ಕುಣಿಕೆ ಹಾಕುವುದು. ಆಕೆ ಸಹಾ ಅಂದಳು, ಹಾಕಿದೆ. ಬಾಯಿ ಮುಚ್ಚಿದಳು. ಆ ಸುಮ್ಮನಿದ್ದ ಹೊತ್ತಿನಲ್ಲಿ ನಾನೊಂದು ಕುಣಿಕೆ ಹಾಕಿದೆ. ಸದ್ದಿಲ್ಲದೆ. ಆಕೆ ಆಠ ಅಂದಳು, ಇನ್ನೊಂದು ಹಾಕಿದೆ. ಹೀಗೆ ಆಕೆ ಬಾಯಿ ಮುಚ್ಚಿದಾಗಲೆಲ್ಲ ಒಂದೊಂದು. ಎಪ್ಪತ್ತೈದಕ್ಕೆ ಬರುವಷ್ಟರಲ್ಲಿ ಏಳು ಸಲ ಬಾಯಿ ಮುಚ್ಚಿದಳು. ನಾನು ಮಾಡಿದ್ದು ಇಷ್ಟೇ. ಹುಡುಗಿ ಉಸಿರಾಡಲಿ ಅಂತ ಮಾಡಿದೆ, ಮೋಸಕ್ಕೆ ಮಾಡಲಿಲ್ಲ. ಆದರೆ ಹೇಳದೆ ಮಾಡಿದೆ.

ಎರಡು ದಿನ ಆಕೆ ಹೆಣೆದಳು. ಮೂರನೆಯ ದಿನ ನಾನು ಒಲೆಯ ಮುಂದೆ ಇದ್ದೆ. ಕಡ್ಡಿಗಳ ಸಪ್ಪಳ ನಿಂತಿತು.

‘ಪೋರಿ, ಬಾ ಇಲ್ಲಿ.’

ಹೋದೆ. ಆಕೆ ಕಣ್ಣು ಮುಚ್ಚಿಕೊಂಡು ಬೆರಳುಗಳನ್ನು ಹೆಣಿಗೆಯ ಅಂಚಿನ ಮೇಲೆ ಆಡಿಸುತ್ತಿದ್ದಳು. ಕೂಸಿನ ಬೆನ್ನು ತಡವಿದ ಹಾಗೆ.

‘ಇದರಾಗ ಯಾರೋ ಕುಂತಾರ’ ಅಂದಳು.

ನಾನು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡೆ.

‘ಎಷ್ಟು ಮಂದೀನ ಕುಂಡ್ರಿಸಿದಿ?’

‘ಏಳು’ ಅಂದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬಿಚ್ಚಿಬಿಡಲೇ ಅಂತ ಕೇಳಿದ್ದಕ್ಕೆ, ‘ಬದುಕಿದ್ದವರ ಹೆಸರಿನ್ಯಾಗ ಹಾಕಿದ್ದು ಬಿಚ್ಚಬಾರ್ದು’ ಅಂದಳು. ಹಿಂದಿನ ಭಾಗಕ್ಕೂ ಅಷ್ಟೇ ಕುಣಿಕೆ ಬೇಕಲ್ಲ. ಅದನ್ನು ನೀನೇ ಹಾಕಿಕೋ ಅಂದು ಎದ್ದು ಹೊರಗೆ ಹೋದಳು. ನಾನು ಬಾಯಿ ಬಿಡದೆ ಎಪ್ಪತ್ತೈದು ಹಾಕಿ ಇಟ್ಟೆ.

ಅಲ್ಲಿಂದ ಮನೆ ಬೇರೆಯೇ ಆಯಿತು. ಹೆಣೆಯಲು ಕೂತಾಗ ಕಾಶಮ್ಮತ್ತಿ ಚಾಪೆಯ ಅಂಚಿಗೆ ಸರಿದು ಕೂರುತ್ತಿದ್ದಳು. ಉಳಿದ ಚಾಪೆ ಖಾಲಿ. ನಾನು ಅಲ್ಲಿ ಮೊರ ಇಡಲು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದಳು. ಒಮ್ಮೆ ನಾನು ನೀರು ತಂದು ಒಳಗೆ ಕಾಲಿಡುವಾಗ ಆಕೆ, ‘ತುಸು ಸರೀರಿ’ ಅಂತ ಯಾರಿಗೋ ಹೇಳುತ್ತಿದ್ದಳು. ಒಳಗೆ ಆಕೆ ಒಬ್ಬಳೇ ಇದ್ದಳು. ನಮ್ಮ ಮನೆಯವರಿಗೆ ಹೇಳಿದೆ. ‘ವಯಸ್ಸಾಗ್ಯದ’ ಅಂದು ಅಂಚೆ ಕಚೇರಿಯ ಕೆಲಸಕ್ಕೆ ಹೊರಟುಹೋದರು. ಗಂಡಸರಿಗೆ ಹೋಗಲು ಕಚೇರಿ ಇರುತ್ತದೆ. ನಾನು ಆ ಖಾಲಿ ಚಾಪೆಯ ಎದುರು ಇಡೀ ದಿನ ಇರಬೇಕಾಗಿತ್ತು.

ಸ್ವೆಟರ್ ಮುಗಿದ ವಾರವೇ ಔರಂಗಾಬಾದಿನಿಂದ ತಾರು ಬಂತು. ಶೋಭಾಗೆ ನಿಮೋನಿಯಾ, ಅವ್ವ ಬರಲಿ. ಕಾಶಮ್ಮತ್ತಿ ನನ್ನ ಮುಖ ನೋಡಿದಳು. ನಾನೂ ಆಕೆಯನ್ನು ನೋಡಿದೆ. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ, ನಾವಿಬ್ಬರೇ ಹೊರಟೆವು.

ಮನ್ಮಾಡಿನಲ್ಲಿ ಗಾಡಿ ಬದಲಿಸಬೇಕು. ಔರಂಗಾಬಾದಿನ ಸಣ್ಣ ಗಾಡಿಗೆ ಎರಡೂವರೆ ತಾಸು ತಡ. ಬೆಳಗಿನ ಹೊತ್ತು, ಸ್ಟೇಶನ್ನಿನ ಫಲಾಟಿನ ಮೇಲೆ ಚೂರಿಯಂಥ ಗಾಳಿ. ನಾವಿಬ್ಬರೂ ಒಂದು ಉದ್ದ ಬೆಂಚಿನ ತುದಿಯಲ್ಲಿ ಕೂತಿದ್ದೆವು. ಸ್ವೆಟರ್ ಆಕೆಯ ಮಡಿಲಲ್ಲಿ, ಟವೆಲಿನಲ್ಲಿ ಸುತ್ತಿತ್ತು. ನಿಮ್ಮ ಶಾಲು ಹೊದ್ದುಕೊಳ್ಳಿ ಅಂದರೆ ಅದನ್ನೂ ಆ ಗಂಟಿನ ಮೇಲೆ ಹೊದಿಸಿದಳು. ಒಬ್ಬ ಮರಾಠಿ ಹೆಂಗಸು ಕೂಸನ್ನು ಎತ್ತಿಕೊಂಡು ಬಂದು ಬೆಂಚಿನ ಮೇಲೆ ಕೂರಲು ಹೋದಳು.

‘ಜಾಗಾ ನಾಹೀ ಬಾಯಿ’ ಅಂದಳು ಕಾಶಮ್ಮತ್ತಿ. ಜಾಗ ಇಲ್ಲ.

ಆ ಹೆಂಗಸು ಬೆಂಚನ್ನು ನೋಡಿದಳು. ಐದಾರು ಮಂದಿ ಕೂರುವಷ್ಟು ಖಾಲಿ ಇತ್ತು. ಜಗಳಕ್ಕೆ ಬಾಯಿ ತೆರೆದವಳು ಯಾಕೋ ತೆರೆದ ಬಾಯನ್ನು ಮುಚ್ಚಿಕೊಂಡು, ಕೂಸಿನ ಮುಖಕ್ಕೆ ಸೆರಗು ಮುಚ್ಚಿ, ದೂರ ಹೋಗಿ ನೆಲದ ಮೇಲೆ ಕೂತಳು. ಅವಳು ಏನು ಕಂಡಳೋ ನನಗೆ ಗೊತ್ತಿಲ್ಲ. ನನಗೇನೂ ಕಾಣಲಿಲ್ಲ.

ನೀಲಾಳ ಮನೆ ಹಳೆಯ ಊರಿನ ಕೋಟೆಗೋಡೆಯ ಒಂದು ದರವಾಜೆಯ ಹಿಂದೆ. ಹುಡುಗಿ ಮಂಚದ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದಳು. ಎದೆಯ ಗೂಡು ಏರುತ್ತಿತ್ತು, ಇಳಿಯುತ್ತಿತ್ತು. ಡಾಕ್ಟರರು ದಿನಕ್ಕೆ ಎರಡು ಸಲ ಬಂದು ಇಂಜೆಕ್ಷನ್ ಕೊಡುತ್ತಿದ್ದರು. ಬೆಚ್ಚಗಿಡಿ ಅನ್ನುತ್ತಿದ್ದರು. ನೀಲಾ ನನ್ನ ಕೈಯಿಂದ ಸ್ವೆಟರ್ ತೆಗೆದುಕೊಂಡು ಅಗಲಿಸಿ ನೋಡಿದಳು. ‘ಈ ಸಲ ಸಡಿಲ ಆಗ್ಯದವ್ವಾ’ ಅಂದು ಅತ್ತುಬಿಟ್ಟಳು. ತೊಡಿಸಲು ಹೋದಳು.

‘ತಡಿ’ ಅಂದಳು ಕಾಶಮ್ಮತ್ತಿ.

ಸ್ವೆಟರನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು ಮಂಚದ ಪಕ್ಕ ನೆಲದ ಮೇಲೆ ಕೂತಳು. ನನ್ನನ್ನು ಹತ್ತಿರ ಕರೆದಳು. ದನಿ ಸಣ್ಣದು ಮಾಡಿ ಕೇಳಿದಳು, ‘ಅವನ್ನ ಹಾಕುವಾಗ ನೀ ಬಾಯಿ ಬಿಟ್ಟು ಅಂದಿಲ್ಲಲ್ಲ?’

‘ಇಲ್ಲರಿ.’

‘ಹಂಗಾರ ಅವು ಯಾರ ಪಾಲಿಗಿ ಅಂತ ಇನ್ನಾ ಆಗಿಲ್ಲ. ಹಿಂಗೇ ತೊಡಿಸಿದ್ರ ತೊಟ್ಟವ್ರ ಪಾಲಿಗಿ. ಯಾರು ಬಾಯಿ ಬಿಟ್ಟು ಎಣಿಸ್ತಾರ ಅವರ ಪಾಲಿಗಿ.’

‘ನಾ ಎಣಿಸ್ತೀನಿ ಬಿಡ್ರಿ. ನಾ ಹಾಕೀನಿ’ ಅಂದೆ. ಹೇಳಿಯೇನೋ ಹೇಳಿದೆ. ಕೈ ಮಾತ್ರ ಮುಂದೆ ಚಾಚಲಿಲ್ಲ.

‘ಸುಮ್ಕಿರು. ನಿನ್ನ ಸೀರಿ ಮಡಚೂದು ನಿನಗ ಬರೂದಿಲ್ಲ, ಇದು ಬರ್ತದ?’

ಮುಂಭಾಗದ ಕೆಳಗಿನ ಅಂಚು ಹಿಡಿದು ಒಂದೊಂದೇ ಕುಣಿಕೆಯ ಮೇಲೆ ಬೆರಳಿಟ್ಟು ಆಕೆ ಎಣಿಸಲು ಶುರು ಮಾಡಿದಳು. ಏಕ, ದೋನ, ತೀನ. ಆರರ ಮೇಲೆ ಬಂದು ಬಾಯಿ ಮುಚ್ಚಿದಳು. ತೆರೆದಳು. ‘ಸಾತ’ ಅಂದಳು. ಹೊರಗೆ ಟಾಂಗಾ ಹೋಗುತ್ತಿತ್ತು. ಮೂರು ಗಂಟೆಯ ಬಿಸಿಲು ಹೊಸ್ತಿಲ ಮೇಲಿತ್ತು. ಏನೂ ಆಗಲಿಲ್ಲ. ಸತರಾ ಅಂದಳು. ಸತ್ತಾವೀಸ ಅಂದಳು. ಬರುಬರುತ್ತ ದನಿ ಗಟ್ಟಿಯಾಯಿತು. ನೀಲಾ ಗಾಬರಿಯಾಗಿ ನನ್ನ ಮುಖ ನೋಡಿದಳು. ತಾಯಿ ಅವನ್ನು ಅನ್ನುವುದಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು. ಆಕೆ ಸತ್ತರ ಅಂದಾಗ ಬೆರಳು ನಿಂತಿತು. ಯಾರೋ ಕರೆದರೆ ತಿರುಗುವ ಹಾಗೆ ಗೋಡೆಯ ಕಡೆಗೆ ಸ್ವಲ್ಪ ತಿರುಗಿದಳು. ‘ನಾನ್ರಿ’ ಅಂದಳು.

ಅಲ್ಲಿ ಯಾರೂ ಏನೂ ಕೇಳಿರಲಿಲ್ಲ.

‘ಏಕಾಹತ್ತರ’ ಅಂತ ಮುಂದೆ ಹೋದಳು. ಎಪ್ಪತ್ತೈದಕ್ಕೆ ನಿಲ್ಲಿಸಿದಳು. ‘ಈಗ ತೊಡಸ್ರಿ’ ಅಂದಳು.

ಹುಡುಗಿಯನ್ನು ಎತ್ತಿ ಕೂರಿಸಿದೆವು. ತಲೆ ಸರಕ್ಕನೆ ಹೊರಗೆ ಬಂತು. ಕೈ ಎರಡೂ ಹೋದವು. ಎದೆಯ ಮೇಲೆ ಒಂದು ಅಂಗೈ ತೂರುವಷ್ಟು ಜಾಗ ಉಳಿದಿತ್ತು. ಅಷ್ಟು ವರ್ಷ ಹೆಣೆದದ್ದರಲ್ಲಿ ಮೈಗೆ ಸರಿಹೋದದ್ದು ಅದೊಂದೇ.

ಮೂರನೆಯ ದಿನ ಜ್ವರ ಇಳಿಯಿತು. ನಾಲ್ಕನೆಯ ದಿನ ಶೋಭಾ ಗಂಜಿ ಕುಡಿದಳು. ಅವತ್ತು ಮಧ್ಯಾಹ್ನ ಕಾಶಮ್ಮತ್ತಿ ಮಂಚದ ಪಕ್ಕದ ಗೋಡೆಗೆ ಒರಗಿ ಕೂತಲ್ಲೇ ಹೋದಳು. ನಾನು ಚಹಾ ತೆಗೆದುಕೊಂಡು ಹೋದಾಗ ಬಿಳಿಗಣ್ಣು ತೆರೆದಿತ್ತು, ಇನ್ನೊಂದು ಮುಚ್ಚಿತ್ತು. ಡಾಕ್ಟರರು ಎದೆ ಅಂದರು. ವಯಸ್ಸಾದ ಮುದುಕಿ, ಮನ್ಮಾಡಿನ ಗಾಳಿಯಲ್ಲಿ ಶಾಲಿಲ್ಲದೆ ಎರಡೂವರೆ ತಾಸು ಕೂತವಳು. ಅವರು ಹೇಳಿದ್ದು ಖರೆ ಇರಬಹುದು. ನಾನು ಏಳು ಕುಣಿಕೆ ಹಾಕಿದ್ದೂ ಖರೆ. ಎರಡರಲ್ಲಿ ಯಾವುದು ಅಂತ ಇಷ್ಟು ವರ್ಷದಲ್ಲಿ ನಾನು ತೀರ್ಮಾನ ಮಾಡಿಲ್ಲ.

ಅದೇ ಸಂಜೆ ನಮ್ಮವರ ರೂಢಿಯಂತೆ ಕೂರಿಸಿ ಮಣ್ಣು ಮಾಡಿದರು. ಕೂತೇ ಹೋಗಿದ್ದರಿಂದ ಕೂರಿಸಲು ಕಷ್ಟವಾಗಲಿಲ್ಲ. ಗಂಡಸರು ತಿರುಗಿ ಬರುವುದರೊಳಗೆ ನೀಲಾ ಶೋಭಾಳ ಮೈಯಿಂದ ಸ್ವೆಟರ್ ಬಿಚ್ಚಿ ಅಂಗಳದ ಗೋಡೆಯ ಮೇಲೆ ಎಸೆದು ಬಂದಳು.

‘ಹಳೀ ಬಟ್ಟಿಗಿ ಭಾಂಡಿ ಕೊಡಾಕಿ ನಾಳಿಗಿ ಬರ್ತಾಳ, ಆಕಿಗಿ ಕೊಟ್ಟುಬಿಡ್ತೀನಿ. ಅದು ನಮ್ಮವ್ವನ್ನ ತಿಂದದ’ ಅಂದಳು.

‘ಥಂಡಿ ಭಾಳ ಅದ ನೀಲಾ.’

‘ಇರ್ಲಿ. ಚಾದರ ಹೊದಸ್ತೀನಿ.’

ತಾಯಿ ಹೋದ ದಿನ ಅವಳ ಜೊತೆ ವಾದ ಮಾಡಬಾರದು ಅಂತ ಸುಮ್ಮನಾದೆ. ಹುಡುಗಿ ಚಾದರ ಒದೆಯುತ್ತಿದ್ದಳು, ಮತ್ತೆ ಕೆಮ್ಮು ಶುರುವಾಗಿತ್ತು. ಅಜ್ಜಿ ಎಲ್ಲಿ ಅಂತ ಕೇಳಿದರೆ ಎಲ್ಲರೂ ಊರಿಗೆ ಹೋಗಿದ್ದಾಳೆ ಅಂದರು. ಹುಡುಗಿ ಕೇಳಿದ್ದಕ್ಕೆ ಅದು ಜವಾಬ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನಾನು ಅಂಗಳಕ್ಕೆ ಹೋದೆ. ಸ್ವೆಟರ್ ಗೋಡೆಯ ಮೇಲೆ ಕೈ ಚಾಚಿ ಬಿದ್ದಿತ್ತು, ಇಬ್ಬನಿಗೆ ನೆನೆದು ಭಾರವಾಗಿತ್ತು. ಒಳಗೆ ತಂದು ಒಲೆ ಹೊತ್ತಿಸಿ, ತಿರುವಿ ತಿರುವಿ ಒಣಗಿಸಿದೆ. ಬೆಚ್ಚಗಾದ ಮೇಲೆ ಶೋಭಾಳನ್ನು ಎಬ್ಬಿಸಿ ಕೂರಿಸಿದೆ. ಅವಳಿಗೆ ನಮ್ಮ ಮಾತು ತಿಳಿಯುತ್ತಿತ್ತು, ಆಡುವುದು ಮಾತ್ರ ಮರಾಠಿ. ತಲೆ ಇನ್ನೂ ಉಲ್ಲನ್ನಿನ ಒಳಗೇ ಇತ್ತು, ಅಲ್ಲಿಂದಲೇ ಕೇಳಿದಳು, ‘ಆಜೀ ಕುಠಂ ಗೇಲೀ?’ ಅಜ್ಜಿ ಎಲ್ಲಿಗೆ ಹೋದಳು ಅಂತ. ಹಿಂದೆ ಬಾಗಿಲಲ್ಲಿ ನೀಲಾ ಬಂದು ನಿಂತದ್ದು ನನಗೆ ಗೊತ್ತಾಯಿತು.

‘ಸತ್ತಾಳ’ ಅಂದೆ. ‘ಕೈ ಎತ್ತು.’